ಕಾಂತರಾಜುವಿನ ಕರೆಂಟ್ ಗಾಡಿ

ಯಶೋದಮ್ಮನವರು ಒಣಹಾಕಿದ್ದ ಬಿಳಿ ಬೆಡ್‌ಶೀಟು ಬೂದು ಬಣ್ಣಕ್ಕೆ ತಿರುಗಿದ್ದೇ ರಗಳೆಗೆಲ್ಲ ಮೂಲ. ಕಾರಣ ಹುಡುಕಲು ಅವರು ದೂರ ಹೋಗಬೇಕಿರಲಿಲ್ಲ. ಮನೆ ಪಕ್ಕದ ಅವರದೇ ಖಾಲಿ ಸೈಟಿನಲ್ಲಿ ಕಾಂತರಾಜು ತನ್ನ ಕಾಂಕ್ರೀಟ್ ಮಿಕ್ಸರನ್ನೂ, ಅದನ್ನು ಕೆಲಸದ ಜಾಗಕ್ಕೆ ಎಳೆದೊಯ್ಯುವ ಹಳೇ ಡೀಸೆಲ್ ಪಿಕಪ್ಪನ್ನೂ ನಿಲ್ಲಿಸುತ್ತಿದ್ದ. ಆ ಪಿಕಪ್ಪು ಹೊಗೆ ಬಿಟ್ಟರೆ ಎದುರು ಮನೆಯೇ ಕಾಣುತ್ತಿರಲಿಲ್ಲ.

"ಈ ತಿಂಗಳೊಳಗೆ ಹೊಗೆ ನಿಲ್ಬೇಕು ಕಾಂತರಾಜು. ಇಲ್ದಿದ್ರೆ ನಿನ್ ಮಿಷಿನ್ ಬೇರೆ ಕಡೆ ನಿಲ್ಲಿಸ್ಕೋ" ಎಂದುಬಿಟ್ಟರು.

ಚಂದ್ರಾ ಲೇಔಟಿನಲ್ಲಿ ಸ್ಕೂಟರ್ ನಿಲ್ಲಿಸಲೇ ಜಾಗವಿಲ್ಲ, ಇನ್ನು ಮಿಕ್ಸರಿಗೆ ಯಾರು ಕೊಟ್ಟಾರು? ಹತ್ತು ವರ್ಷದಿಂದ ಬಾಡಿಗೆ ಕೇಳದೆ ಜಾಗ ಕೊಟ್ಟ ತಾಯಿ ಆಕೆ. ಆ ಋಣ ಕಾಂತರಾಜುವಿಗೆ ಚೆನ್ನಾಗಿ ನೆನಪಿತ್ತು.

ಹೊಸ ಗಾಡಿ ಎಂದು ಅವನು ಬಾಯಿ ಬಿಟ್ಟಿದ್ದೇ ತಡ, ಬೀದಿಯೆಲ್ಲ ಸಲಹೆ ಕೊಡಲು ಶುರುಮಾಡಿತು. ನಿವೃತ್ತ ಮೇಷ್ಟ್ರು ಕೃಷ್ಣಪ್ಪನವರು ಸಿಎನ್‌ಜಿ ಅಂದರು. ನೋಡೋಣವೆಂದು ತಂದು ಮಿಕ್ಸರ್ ಕಟ್ಟಿದ ಸಿಎನ್‌ಜಿ ಗಾಡಿ ದಿಬ್ಬದಲ್ಲಿ ಹಿಂದಕ್ಕೆ ಜಾರಿ, ಕೊನೆಗೆ ಮೇಷ್ಟ್ರೇ ಪಂಚೆ ಎತ್ತಿ ಕಟ್ಟಿ ತಳ್ಳಬೇಕಾಯಿತು. ಆಮೇಲೆ ಶೋರೂಮಿನ ಮಾಲವಿಕಾ ಕರೆಂಟ್ ಪಿಕಪ್ಪೊಂದನ್ನು ಒಂದು ದಿನದ ಟ್ರಯಲ್‌ಗೆ ಕಳಿಸಿದಳು.

ಬೆಳಗ್ಗೆ ಐದಕ್ಕೆ ಕಾಂತರಾಜು, ಜೊತೆಗಾರ ಮರೆಪ್ಪ ಇಬ್ಬರೂ ನಂದಿನಿ ಲೇಔಟಿಗೆ ಹೊರಟರು. ಅಲ್ಲೊಂದು ಮನೆಗೆ ಅಂದು ತಾರಸಿ ಹಾಕುವುದಿತ್ತು. ಗಾಡಿ ಸ್ಟಾರ್ಟ್ ಆಗಿದೆಯೋ ಇಲ್ಲವೋ ಎಂದು ಮರೆಪ್ಪ ಇಳಿದು ನೋಡಿದ. ಆಗಿತ್ತು. ಆದರೆ ಹಿಂದೆ ಮಿಕ್ಸರಿನ ಭಾರ, ಮುಂದೆ ಏರು. ಚಾರ್ಜು ಸರಸರನೆ ಇಳಿಯತೊಡಗಿತು.

"ನಲವತ್ತೈತೆ ಅಣ್ಣ."

"ಎಸಿ ಆರಿಸು."

"ಮೂವತ್ತೈದು."

"ರೇಡಿಯೋ ಆರಿಸು."

"ಮೂವತ್ತು."

"ನಿನ್ ಮೊಬೈಲ್ ಚಾರ್ಜರ್ ಕಿತ್ತಾಕು."

"ಉಸಿರಾಡ್ಬೋದಾ ಅಣ್ಣ?"

ಗಾಡಿ ಮಾತ್ರ ಒಂದು ಚೂರೂ ಏದುಸಿರು ಬಿಡದೆ ಏರು ಹತ್ತಿತು. ಕೆಲಸದ ಜಾಗದಲ್ಲಿ ಪಕ್ಕದ ಮನೆಯ ಶಿಲ್ಪಾ ಚಾರ್ಜಿಗೆ ಪ್ಲಗ್ ಕೊಟ್ಟಳು. ಹಾಕಿದ ಕೂಡಲೇ ಫ್ಯೂಸ್ ಹೋಗಿ, ಅವಳ ದೋಸೆ ಹಿಟ್ಟು ಗ್ರೈಂಡರಿನಲ್ಲೇ ಅರ್ಧಕ್ಕೆ ನಿಂತಿತು. ಪುಣ್ಯಾತ್ಗಿತ್ತಿ ಬೈಯಲಿಲ್ಲ. ಫ್ಯೂಸ್ ಸರಿಮಾಡಿಸಿ, ಬೇರೆ ಪ್ಲಗ್ ತೋರಿಸಿ, ಕಾಫಿಯನ್ನೂ ಕೊಟ್ಟಳು. ಲೋಕದಲ್ಲಿ ಎಂಥೆಂಥ ಒಳ್ಳೆಯವರಿದ್ದಾರೆ ಎಂದು ಕಾಂತರಾಜುವಿನ ಕಣ್ಣು ತುಂಬಿತು. ಅದೇ ಗುಂಗಿನಲ್ಲಿ ಮಾಲವಿಕಾಗೆ ಫೋನ್ ಮಾಡಿ, "ಇದೇ ಗಾಡಿ ಇರ್ಲಿ ಮೇಡಂ, ಹಳೇದನ್ನ ತಗೊಂಡ್ ಹೋಗಿ" ಎಂದ. ಮಧ್ಯಾಹ್ನದೊಳಗೆ ಶೋರೂಮಿನವರು ಸೈಟಿನಿಂದ ಡೀಸೆಲ್ ಪಿಕಪ್ಪನ್ನು ಒಯ್ದೇಬಿಟ್ಟರು.

ಸಂಜೆ ಯಶೋದಮ್ಮನವರಿಗೆಂದು ಒಂದು ಕೆಜಿ ಮೈಸೂರ್‌ಪಾಕ್ ಕಟ್ಟಿಸಿಕೊಂಡು ಬಂದರೆ, ಅವರ ಗೇಟಿನ ಮುಂದೆ ಇಡೀ ಬೀದಿ ನಿಂತಿತ್ತು. ಹೆಂಗಸರ ಕೈಯಲ್ಲಿ ಕೊಡ. ಹೊಗೆ ನಿಲ್ಲಿಸಿದ್ದಕ್ಕೆ ಪೂರ್ಣಕುಂಭ ಸ್ವಾಗತವೆಂದುಕೊಂಡು ಕಾಂತರಾಜು ತಲೆ ಬಾಚಿಕೊಂಡೇ ಇಳಿದ. ಹತ್ತಿರ ಹೋದರೆ ಕೊಡಗಳೆಲ್ಲ ಖಾಲಿ.

"ಬೆಳಗ್ಗೆ ಎಷ್ಟೊತ್ತಿಗೆ ಹೋದೆ?" ಯಶೋದಮ್ಮ ಕೇಳಿದರು.

"ಐದಕ್ಕೇ ಅಮ್ಮ, ಎಂದಿನ ಹಾಗೆ."

"ನಮಗೆ ಗೊತ್ತೇ ಆಗ್ಲಿಲ್ವಲ್ಲಪ್ಪ. ನಿನ್ ಗಾಡಿ ಗುಡುಗಿದ್ರೆ ತಾನೆ ನಾವು ಏಳೋದು, ಎದ್ದು ನೀರಿನ ಸಂಪಿಗೆ ಪೈಪ್ ಬಿಡೋದು? ಹತ್ತು ವರ್ಷದಿಂದ ಈ ಬೀದೀಲಿ ಒಬ್ರೂ ಅಲಾರಂ ಇಟ್ಟಿಲ್ಲ. ಕಾವೇರಿ ನೀರು ಬಂದೂ ಆಯ್ತು, ಹೋಗಿಯೂ ಆಯ್ತು."

"ಇನ್ನು ಮೂರು ದಿನ ನೀರಿಲ್ಲ" ಎಂದರು ಕೃಷ್ಣಪ್ಪನವರು.

ಯಶೋದಮ್ಮನವರ ದನಿ ಮೆತ್ತಗಾಯಿತು. "ನಿನ್ನಿಂದ ಎಷ್ಟು ಉಪಕಾರ ಆಗ್ತಿತ್ತು ಅಂತ ಇವತ್ತು ಗೊತ್ತಾಯ್ತು ಕಣಪ್ಪ. ಸೈಟ್ ನಿಂದೇ ಅಂದ್ಕೋ. ಹೊಗೆ ಬಂದ್ರೂ ಪರವಾಗಿಲ್ಲ, ಹಳೇ ಗಾಡೀನೇ ತಾ."

"ಅದನ್ನ ಮಧ್ಯಾಹ್ನವೇ ಕೊಟ್ಬಿಟ್ಟೆ ಅಮ್ಮ."

ಮೇಷ್ಟ್ರಿಗೆ ದಾರಿ ಹೊಳೆಯಿತು. "ಹಾಗಿದ್ರೆ ಹೋಗೋಕ್ ಮುಂಚೆ ಒಂದೊಂದು ಮನೆ ಬೆಲ್ ಒತ್ಬಿಟ್ಟು ಹೋಗಪ್ಪ. ಇರೋದೇ ಹದಿನಾಲ್ಕು ಮನೆ."

ಎಲ್ಲರೂ ಕಾಂತರಾಜುವಿಗೆ ಮನಸಾರೆ ಥ್ಯಾಂಕ್ಸ್ ಹೇಳಿದರು. ಯಶೋದಮ್ಮ ಮೈಸೂರ್‌ಪಾಕಿನ ಡಬ್ಬ ತೆಗೆದು, ಒಂದು ತುಂಡನ್ನು ತಾವೇ ಅವನ ಬಾಯಿಗಿಟ್ಟರು.

"ನಮ್ಮನೆ ಬೆಲ್ ಕೆಟ್ಟಿದೆ ಕಣಪ್ಪ, ಮೂರನೇ ಮಹಡಿ ಹತ್ತಿ ಬಾಗಿಲು ತಟ್ಟು. ನಾನು ಬಂದು ಮಾತಾಡೋವರೆಗೂ ಇಳಿದು ಹೋಗ್ಬೇಡ."