ಗೋಡೆಗೆ ಮುಖ ಮಾಡಿದ ಸಿಪಾಯಿಗಳು

ನನ್ನ ಕೈಯಿಂದ ಬಹಳ ಮಂದಿ ಸತ್ತಿದ್ದಾರೆ. ಕಾಲಾಳು, ಕುದುರೆ ಸವಾರ, ಫಿರಂಗಿಯವ, ತುತ್ತೂರಿ ಊದುವವ, ಯಾರನ್ನೂ ಬಿಟ್ಟಿಲ್ಲ. ಅವರಿಗಾಗಿ ನಾನು ಒಂದು ದಿನವೂ ಮರುಗಿದವನಲ್ಲ. ಕೊಂದು, ಕೈ ತೊಳೆದುಕೊಂಡು, ಎಲೆಯ ಮುಂದೆ ಕೂತು ಹುಳಿಯನ್ನ ಉಂಡಿದ್ದೇನೆ. ಆದರೆ ಒಂದು ಸಲ ಇಬ್ಬರನ್ನು ಬದುಕಿಸಿದ್ದೆ. ಮನಸ್ಸಿಗೆ ಚುಚ್ಚುವುದು ಅದು. ಹೆದರಬೇಡಿ, ಎಲ್ಲರೂ ಸೀಸದವರು, ಹೆಬ್ಬೆರಳುದ್ದದವರು. ಹಾಗೆಂದು ತಪ್ಪೂ ಹೆಬ್ಬೆರಳುದ್ದದ್ದೇ ಆಗಿ ಉಳಿಯುವುದಿಲ್ಲ ಎಂಬುದು ನನಗೆ ವಯಸ್ಸಾದ ಮೇಲೆ ತಿಳಿಯಿತು.

ಆಗ ನಾನು ನಂಜನಗೂಡಿನಲ್ಲಿ ಸರ್ಕಾರಿ ಗುಮಾಸ್ತ. ಹೈಸ್ಕೂಲು ಮುಗಿಸಿದವನು, ಇಂಗ್ಲಿಷ್ ಅಕ್ಷರ ದುಂಡಗಿತ್ತು; ಆದ್ದರಿಂದ ಸೇತುವೆ ಕೆಲಸ ನೋಡಲು ಬಂದ ಒಬ್ಬ ಬಿಳಿ ದೊರೆಯ ಬಳಿಗೆ ನನ್ನನ್ನು ಕೆಲವು ತಿಂಗಳು ಹಾಕಿದ್ದರು. ಸಂಜೆ ಕಾಗದಗಳಿಗೆ ರುಜು ಹಾಕಿಸಲು ಬಂಗಲೆಗೆ ಹೋದರೆ, ಆ ಮನುಷ್ಯ ಊಟದ ಮೇಜಿನ ಮೇಲೆ ಸೀಸದ ಸಿಪಾಯಿಗಳನ್ನು ಹರಡಿಕೊಂಡು ಯುದ್ಧ ನಡೆಸುತ್ತಿದ್ದ. ಊರಿನಲ್ಲಿ ಇನ್ನೊಬ್ಬ ದೊರೆ ಇರಲಿಲ್ಲವಾದ್ದರಿಂದ ಬಲಗೈ ಒಂದು ಪಕ್ಷ, ಎಡಗೈ ಇನ್ನೊಂದು ಪಕ್ಷ. ಎಡಗೈ ಗೆದ್ದ ದಿನ ಅವನ ಮುಖ ನೋಡಬಾರದು, ರುಜು ಕೂಡ ಸೊಟ್ಟಗೆ ಬೀಳುತ್ತಿತ್ತು. ಅವನಿಗೆ ವರ್ಗವಾಗಿ ಸಾಮಾನು ಹರಾಜಾದಾಗ ಕುರ್ಚಿ, ಮಂಚ, ಪಿಂಗಾಣಿ ಎಲ್ಲವನ್ನೂ ಜನ ಮುಗಿಬಿದ್ದು ಕೊಂಡರು. ಸಿಪಾಯಿಗಳ ಪೆಟ್ಟಿಗೆಯನ್ನು ಕೂಗಿದಾಗ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಾನು ಕೆಮ್ಮಿದೆ. ಹರಾಜಿನವನು ಅದನ್ನೇ ಸವಾಲೆಂದು ತಿಳಿದು ಪೆಟ್ಟಿಗೆ ನನ್ನ ಕೈಗೆ ಕೊಟ್ಟ. ಹೀಗೆಂದು ಮನೆಯಲ್ಲಿ ಹೇಳಿದೆ. ನಿಜವೇನೆಂದರೆ ಆ ಕೆಮ್ಮನ್ನು ನಾನು ಬೆಳಗಿನಿಂದ ಕಾಪಾಡಿಕೊಂಡು ಬಂದಿದ್ದೆ.

ಜೊತೆಗೆ ಆಡಲು ಸಿಕ್ಕವನು ಚೆನ್ನಬಸಪ್ಪ. ಹದಿನಾರು ಎಂಬ ಊರಿನ ಬೇಸಾಯದ ಮನೆಯವನು, ಮೈಸೂರಿನಲ್ಲಿ ನನ್ನ ಜೊತೆ ಓದಿದವನು, ಆಗ ತಿರುಮಕೂಡಲು ನರಸೀಪುರದಲ್ಲಿ ಸ್ಕೂಲು ಮೇಷ್ಟರು. ಅವನ ಮಾವನ ಮನೆ ನಮ್ಮ ಬೀದಿಯ ಕೊನೆಯಲ್ಲೇ ಇದ್ದುದರಿಂದ ಹದಿನೈದು ದಿನಕ್ಕೊಮ್ಮೆ ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದ. ಪಾಠ ಹೇಳುವಾಗ ಅಚ್ಚು ಹಾಕಿದಂತೆ ಮಾತನಾಡುವವನು ನನ್ನ ಜೊತೆ ಮಾತ್ರ ಹದಿನಾರಿನ ಮಾತನ್ನೇ ಆಡುತ್ತಿದ್ದ.

ಯುದ್ಧ ಸುಲ್ತಾನನ ದಂಡಿಗೂ ಕುಂಪಣಿ ದಂಡಿಗೂ ಎಂದು ಗೊತ್ತಾಯಿತು. ಯಾರು ಯಾವ ಕಡೆ ಎಂಬುದೇ ಕಷ್ಟವಾಯಿತು. ಕುಂಪಣಿಯಾಗಿ ಗೆದ್ದರೆ ಊರಿನಲ್ಲಿ ನಾಚಿಕೆ. ಸುಲ್ತಾನನಾಗಿ ಗೆದ್ದು ಅದು ಅಮಲ್ದಾರರ ಕಿವಿಗೆ ಬಿದ್ದರೆ ನೌಕರಿಯ ಗತಿ? ಕಡೆಗೆ ಕವಡೆ ಹಾಕಿದೆವು. ಕುಂಪಣಿ ಬಸಪ್ಪನಿಗೆ ಬಂತು. "ಆಗ್ಲಿ ಬುಡು. ನಮ್ಮಪ್ಪಂಗೆ ಮಾತ್ರ ಏಳ್‌ಬ್ಯಾಡ ಕಣಯ್ಯ, ಮನೆ ಒಳಕ್ಕೆ ಸೇರ್ಸಾಕಿಲ್ಲ" ಎಂದ.

ಬಣ್ಣ ಬಳಿಯುವುದು ನನ್ನ ಪಾಲಿಗೆ. ದೊರೆಯ ಸಿಪಾಯಿಗಳ ಬಣ್ಣವೆಲ್ಲ ಉದುರಿ ಹೋಗಿತ್ತು. ಅಳಿಲಿನ ಬಾಲದ ಕೂದಲನ್ನು ಬಿದಿರು ಕಡ್ಡಿಗೆ ಕಟ್ಟಿ ಕುಂಚ ಮಾಡಿದೆ. ಬಣ್ಣಕ್ಕೆ ಅಡಿಗೆಮನೆ, ದೇವರಮನೆ ಎರಡನ್ನೂ ಸೂರೆ ಮಾಡಿದೆ. ಕುಂಪಣಿಯವರ ಕೆಂಪಂಗಿಗೆ ಕುಂಕುಮ, ಬೂಟಿಗೆ ಕಾಡಿಗೆ, ಎಲ್ಲಕ್ಕೂ ಗೋಂದು. ಸುಲ್ತಾನನವರಿಗೆ ಹಳದಿ ಅಂಗಿ ಚೆಂದವೆಂದು ಅರಿಸಿನ ಬಳಿದೆ. ಅದರ ಮೇಲೆ ಎದೆಪಟ್ಟಿ ಬೆಳ್ಳಗೆ ಕಾಣಲೆಂದು ಎಲೆಸುಣ್ಣ ಎಳೆದೆ. ಅರಿಸಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿ ತಟ್ಟೆ ನೋಡಿದ ಎಳೆಮಗುವೂ ಹೇಳುತ್ತದೆ. ಹೈಸ್ಕೂಲು ಮುಗಿಸಿದವನಿಗೆ ಹೊಳೆಯಲಿಲ್ಲ. ನೋಡುನೋಡುತ್ತಿದ್ದಂತೆ ನನ್ನ ದಂಡಿನ ಎದೆಯೆಲ್ಲ ಕೆಂಪಾಯಿತು. ಬಸಪ್ಪ ಬಂದು ನೋಡಿ, "ಏನ್ ಅಯ್ನೋರೇ, ಯುದ್ಧಕ್ಕೆ ಮುಂಚೇನೇ ನಿಮ್ಮೋರೆಲ್ಲ ನನ್ ಕಡೆ ಬಂದ್ಬುಟ್ಟವ್ರಲ್ಲ!" ಎಂದು ಜಗಲಿಗೆ ಕೇಳುವಂತೆ ನಕ್ಕ.

ರಣರಂಗ ಕಟ್ಟಿದವಳು ನಿಜವಾಗಿ ನನ್ನ ಹೆಂಡತಿ ಸೀತೆ. ನವರಾತ್ರಿಗೆ ಗೊಂಬೆ ಕೂರಿಸುವ ಹಲಗೆಗಳನ್ನು ಇಟ್ಟಿಗೆಗಳ ಮೇಲೆ ಹಾಸಿ, ಗೊಂಬೆಗಳ ಮುಂದೆ ತೋಟ ಮಾಡುವ ರೀತಿಯಲ್ಲೇ ಎಲ್ಲವನ್ನೂ ಮಾಡಿಕೊಟ್ಟಳು. ಕಪಿಲೆಯ ಮರಳು, ಜೇಡಿಮಣ್ಣಿನ ಗುಡ್ಡ, ಅದರ ಮೇಲೆ ಸುಲ್ತಾನನ ಕೋಟೆ, ಒಡೆದ ಕನ್ನಡಿಯ ಚೂರುಗಳ ಹೊಳೆ, ತೆಂಗಿನ ನಾರಿನ ಪೊದೆ. ತಟ್ಟೆಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಹೊಲ ಮಾಡಿದಳು. ಈ ರಾಗಿಯೊಂದೇ ನಮ್ಮ ಯುದ್ಧದ ಕಾನೂನಿಗೆ ಬಗ್ಗಲಿಲ್ಲ. ನಾವು ಹದಿನೈದು ದಿನಕ್ಕೊಮ್ಮೆ ಆಡುವವರು, ನಡುವೆ ಹಲಗೆ ಇದ್ದಂತೆಯೇ ಇರಬೇಕು. ಅದು ದಿನವೂ ಬೆಳೆಯುತ್ತಿತ್ತು. ಎರಡನೆಯ ಸಲ ಕೂತಾಗ ಬಸಪ್ಪನ ಕುದುರೆಗಳೇ ಕಾಣಲಿಲ್ಲ. "ನನ್ ಕುದ್ರೆಗೊಳು ಎಲ್ಲಯ್ಯ?" ಎಂದ. "ಹೊಲದಲ್ಲಿ ಮೇಯ್ತಾ ಇರಬೇಕು" ಎಂದೆ. ಸೀತೆ ಕತ್ತರಿ ತಂದು ಪೈರನ್ನು ಕತ್ತರಿಸಿದ ಮೇಲೆ ಯುದ್ಧ ಮುಂದುವರಿಯಿತು.

ಆಟದ ನಿಯಮ ಸುಲಭ. ಗುಂಡು ಹಾರಿಸುವುದೆಂದರೆ ಕವಡೆ ಎಸೆಯುವುದು. ಅಂಗಾತ ಬಿದ್ದ ಕವಡೆ ಎಷ್ಟೋ ಎದುರಾಳಿಯ ಕಡೆ ಅಷ್ಟು ಜನ ಸತ್ತಂತೆ. ದೊರೆ ಸತ್ತವರನ್ನು ಮೇಜಿನ ಮೇಲೆ ಮಲಗಿಸುತ್ತಿದ್ದ. ನಾನೂ ಹಾಗೆ ಮಲಗಿಸಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೀತೆಯ ಮುಖ ಕಪ್ಪಿಟ್ಟಿತು.

"ರೀ, ಗೊಂಬೇನ ಮಲಗಿಸೋದು ವಿಜಯದಶಮಿ ದಿನ ಮಾತ್ರ. ಕಂಡಕಂಡ ದಿನ ಮಲಗಿಸಬಾರದು."

"ಇವು ಗೊಂಬೆಗಳಲ್ಲ ಕಣೆ, ಸಿಪಾಯಿಗಳು."

"ಹಾಗಾದರೆ ಇನ್ನೂ ಮಲಗಿಸಬಾರದು" ಎಂದಳು.

ಆಚಾರದ ಮನೆಯಿಂದ ಬಂದವಳು, ಅದಕ್ಕೇ ಹೀಗೆ ಎಂದುಕೊಂಡೆ. ಆಗ ಯುರೋಪಿನಲ್ಲಿ ಯುದ್ಧ ಹತ್ತಿ ವರ್ಷ ತುಂಬಿತ್ತು. ಅವಳ ಒಬ್ಬನೇ ತಮ್ಮ ವೆಂಕಟು ಲೆಕ್ಕ ಬರೆಯುವ ಗುಮಾಸ್ತನಾಗಿ ಮಹಾರಾಜರ ಕುದುರೆ ದಂಡಿನ ಜೊತೆ ಕಡಲಾಚೆ ಹೋಗಿದ್ದ. ಕೆಲವು ತಿಂಗಳಿಂದ ಅವನ ಕಾಗದ ನಿಂತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಮಾತಿನ ಪಕ್ಕಕ್ಕೆ ಇದನ್ನು ಇಟ್ಟು ನೋಡಲಿಲ್ಲ. ಅಷ್ಟೇ ಅಲ್ಲ. ಕೈ ಮುರಿದಿದ್ದ ಒಬ್ಬ ಕುದುರೆ ಸವಾರನಿಗೆ ಅರಗಿನಲ್ಲಿ ಕೈ ಅಂಟಿಸಿ, ಕಾಡಿಗೆಯಲ್ಲಿ ಮೀಸೆ ಬರೆದ ದಿನ, ಅದು ಹೇಗೋ ವೆಂಕಟುವಿನ ಮೀಸೆಯ ಹಾಗೇ ಬಂದುಬಿಟ್ಟಿತ್ತು. "ನೋಡು ಬಾರೇ, ನಿನ್ನ ತಮ್ಮ ಬಂದ" ಎಂದು ಅವಳನ್ನು ಕರೆದು ತೋರಿಸಿದ್ದೆ. ಅವಳು ನಕ್ಕಿದ್ದಳು. ನಾನು ಮರೆತೆ.

ಮಲಗಿಸುವಂತಿಲ್ಲ ಎಂದ ಮೇಲೆ ಬಸಪ್ಪನೇ ಒಂದು ದಾರಿ ಹುಡುಕಿದ. ಹಲಗೆಯ ಒಂದು ಉದ್ದದ ಬದಿಗೆ ಗೋಡೆ ಇತ್ತು. ಎರಡು ದಂಡುಗಳೂ ಎಡಬಲದ ತುದಿಗಳಿಂದ ಎದುರುಬದುರಾಗಿ ನಡೆಯುವುದರಿಂದ ಆ ಕಡೆಗೆ ಯಾರೂ ಮುಖ ಮಾಡುವ ಹಾಗಿರಲಿಲ್ಲ. "ಸತ್ತೋರ್ನ ನಿಂತ ಜಾಗ್‌ದಲ್ಲೇ ಗೋಡೆ ಕಡಿಕ್ಕೆ ತಿರುಗ್ಸಿಬುಡಾನ. ನಮ್ ಸ್ಕೂಲಲ್ಲಿ ತುಂಟ್ ಐಕ್ಳನ್ನ ನಿಲ್ಸಾಕಿಲ್ವಾ, ಅಂಗೆ" ಎಂದ. ಹೀಗೆ ನಮ್ಮ ಯುದ್ಧದಲ್ಲಿ ಸತ್ತವರು ಮಗ್ಗಿ ಬಾರದ ಹುಡುಗರ ಹಾಗೆ ಗೋಡೆ ನೋಡುತ್ತ ನಿಲ್ಲತೊಡಗಿದರು.

ಮೀಸೆಯ ಸವಾರ ಕುಂಪಣಿ ದಂಡಿನಲ್ಲಿದ್ದ. ಅವನನ್ನು ನಾನು ಕೊಂದೆ. ಮುಂದಿನ ಸಲ ಬಂದು ಕೂತರೆ ಅವನು ನನ್ನ ಕೋಟೆಯ ಕಡೆಗೆ ಮುಖ ಮಾಡಿ ನಿಂತಿದ್ದ. ನನ್ನ ನೆನಪೇ ತಪ್ಪಿರಬೇಕೆಂದು ಮತ್ತೆ ಕೊಂದೆ. ಅದರ ಮುಂದಿನ ಸಲವೂ ಜೀವಂತ! ನನ್ನ ಕೋಟೆಗೆ ಅವನಿಂದಲೇ ಕುತ್ತು ಬರುವ ಹಾಗಿತ್ತು. ಬಸಪ್ಪ ಆ ನಡುವೆ ಒಂದು ಸಲ ನಾನು ಸ್ನಾನ ಮಾಡುತ್ತಿದ್ದಾಗಲೇ ಬಂದು ಕೂತಿದ್ದನೆಂಬುದು ನೆನಪಾಗಿ, ಲೆಕ್ಕ ಸರಿಹೋಯಿತೆಂದುಕೊಂಡೆ.

"ಬಸಪ್ಪ, ಈ ಮೀಸೆಯವನು ಹೋದ ಸಲ ಸತ್ತಿದ್ದ."

ಅವನು ಅಡಿಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, "ಸತ್ತಿದ್ನಾ? ಗ್ಯಾಪ್ಕ ಇಲ್ಲ ಕಣಯ್ಯ. ಓಗ್ಲಿ, ಇನ್ನೊಂದ್ಸಲ ಸಾಯಿಸು" ಎಂದ.

"ಜ್ಞಾಪಕ ಇಲ್ಲವೋ, ಕೈ ಹೋಯಿತೋ? ಪರೀಕ್ಷೆಯಲ್ಲಿ ಹುಡುಗರನ್ನೂ ಹೀಗೇ ಪಾಸು ಮಾಡಿಸ್ತೀಯೇನು?"

ಆ ಮಾತು ಬಾಯಿಂದ ಹೇಗೆ ಬಂತೋ! ಬಸಪ್ಪ ಒಂದೇ ಒಂದು ಅಂಕವನ್ನೂ ತಪ್ಪು ಹಾಕಿದವನಲ್ಲ. ಸ್ವಂತ ಬಾಮೈದನನ್ನೇ ನಪಾಸು ಮಾಡಿ ಮಾವನ ಮನೆಯಲ್ಲಿ ಒಂದು ವರ್ಷ ಬರೀ ನೀರುಮಜ್ಜಿಗೆ ಕುಡಿದವನು. ಅವನು ಕೈಲಿದ್ದ ಕವಡೆಗಳನ್ನು ಮೆಲ್ಲಗೆ ಹಲಗೆಯ ಮೇಲೆ ಇಟ್ಟ. ವಸ್ತ್ರ ಹೆಗಲಿಗೆ ಹಾಕಿಕೊಂಡು, ಅಡಿಗೆಮನೆಯ ಕಡೆ ತಿರುಗಿ, "ಬತ್ತೀನಿ ಅಕ್ಕಯ್ಯ" ಎಂದು ಹೇಳಿ ಹೊರಟುಹೋದ.

ಮಾರನೆಯ ಬೆಳಿಗ್ಗೆ ನೋಡುತ್ತೇನೆ: ಸೀತೆ ಕಸ ಗುಡಿಸಿ, ಪೊರಕೆ ಬದಿಗಿಟ್ಟು, ಆ ಸವಾರನನ್ನು ಎತ್ತಿ ಸೆರಗಿನ ತುದಿಯಿಂದ ಒರೆಸುತ್ತಿದ್ದಾಳೆ. ಬಸಪ್ಪ ಎದ್ದುಹೋದ ಸಿಟ್ಟಿಗೆ ಸಂಜೆ ನಾನೇ ಅವನನ್ನು ಗೋಡೆಗೆ ತಿರುಗಿಸಿ ಬಿಟ್ಟಿದ್ದೆ. ಅವಳು ಒರೆಸಿ, ಇತ್ತ ಮುಖ ಮಾಡಿ ಇಟ್ಟಳು. ನನ್ನನ್ನು ಕಂಡು ಬೆಚ್ಚಲಿಲ್ಲ.

"ದಿನಾ ಬೆಳಿಗ್ಗೆ ಇವನ ಬೆನ್ನು ನೋಡ್ಕೊಂಡು ಹೇಗ್ರೀ ಕಸ ಗುಡಿಸಲಿ?" ಎಂದಳು. "ಅತ್ತ ಅಂಚೆಯವನೂ ಬರ್ತಾ ಇಲ್ಲ."

ಆವತ್ತೇ ಗಾಡಿ ಹತ್ತಿ ನರಸೀಪುರಕ್ಕೆ ಹೋಗಿ ಬಸಪ್ಪನ ಕೈ ಹಿಡಿದುಕೊಳ್ಳಬೇಕಿತ್ತು. ಹೋಗಲಿಲ್ಲ. ಹೆಂಗಸರ ಮಾತನ್ನು ಹೊರಗೆ ಹೇಳುವುದು ಮರ್ಯಾದೆಯಲ್ಲ ಎಂದು ಒಂದು ನೆಪ. ರಜ ಸಿಗುವುದಿಲ್ಲ ಎಂದು ಇನ್ನೊಂದು. ಇವೆರಡರ ಹಿಂದೆ ನಿಂತಿದ್ದ ನಿಜವಾದ ಕಾರಣ ನನ್ನ ಆ ಇಬ್ಬರು. ಹೊಳೆಯ ದಾಟು ಕಾಯುತ್ತಿದ್ದ ನನ್ನ ಇಬ್ಬರು ಬಂದೂಕಿನವರನ್ನು ಬಸಪ್ಪ ಕೊಂದಿದ್ದ. ಅವನು ಬರುವ ದಿನ ಬೆಳಿಗ್ಗೆ, ಯಾರೂ ಇಲ್ಲದಾಗ, ನಾನು ಅವರನ್ನು ಮೆಲ್ಲಗೆ ಇತ್ತ ತಿರುಗಿಸಿದ್ದೆ. ಬಸಪ್ಪನೂ ಅದನ್ನೇ ಮಾಡಿರಬೇಕೆಂದು ನನಗೆ ಅಷ್ಟು ಗಟ್ಟಿಯಾಗಿ ಅನ್ನಿಸಿದ್ದು ಅದರಿಂದಲೇ.

ಬಸಪ್ಪ ಮಾವನ ಮನೆಗೆ ಬರುತ್ತಲೇ ಇದ್ದ. ನಮ್ಮ ಮನೆಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಲ್ಲಿ ಹೋಗುತ್ತಿದ್ದ. ನಾನು ಹಿತ್ತಿಲ ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದೆ. ರಾಗಿ ಪೈರು ಒಣಗಿತು. ಸಿಪಾಯಿಗಳು ಪೆಟ್ಟಿಗೆಗೆ ಹೋದರು. ಮೀಸೆಯವನು ಮಾತ್ರ ದೇವರಮನೆಯ ಗೂಡಿನಲ್ಲಿ ನಿಂತ, ಬಾಗಿಲ ಕಡೆಗೆ ಮುಖ ಮಾಡಿ.

ಯುದ್ಧ ಮುಗಿದ ಮೇಲೆ ವೆಂಕಟು ಬಂದ. ಕಪ್ಪಾಗಿದ್ದ, ಚಹಾ ಕುಡಿಯುವುದನ್ನು ಕಲಿತಿದ್ದ, ಅಷ್ಟೇ. ಗೂಡಿನಲ್ಲಿ ನಿಂತಿದ್ದ ಸವಾರನನ್ನು ನೋಡಿ, "ಇವನು ನಾನೇನು? ಅಕ್ಕಾ, ನಾನು ಒಂದು ದಿನವೂ ಕುದುರೆ ಹತ್ತಲಿಲ್ಲವಲ್ಲ! ಹುರುಳಿ ಲೆಕ್ಕ ಬರೆದೆ" ಎಂದ. ಸೀತೆ ನಕ್ಕೂ ನಕ್ಕೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಬಸಪ್ಪನವರನ್ನ ಊಟಕ್ಕೆ ಕರ್ಕೊಂಡು ಬನ್ನಿ. ಇನ್ನು ನನ್ನ ನೆಪ ಹೇಳೋ ಹಾಗಿಲ್ಲ" ಎಂದಳು.

ಹೋದೆ. ನರಸೀಪುರದಲ್ಲಿ ಸ್ಕೂಲು ಬಿಟ್ಟ ಹೊತ್ತು. ಬಸಪ್ಪ ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟಿದ್ದ. ಕಪಿಲೆ ಕಾವೇರಿಯನ್ನು ಕೂಡುವ ಆ ಜಾಗದಲ್ಲಿ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಪ್ಪಿಸಿದೆ. ಸವಾರನನ್ನು ತಿರುಗಿಸುತ್ತಿದ್ದವಳು ಸೀತೆ, ನಿನ್ನ ಮೇಲೆ ಹೊರಿಸಿದ್ದು ನನ್ನ ತಪ್ಪು, ಎಂದೆ.

"ಗೊತ್ತಿತ್ತು ಕಣಯ್ಯ" ಎಂದ. "ನೀನು ಸ್ನಾನಕ್ಕೆ ಓಗಿದ್ದಾಗ ನಾನು ಬಂದು ಕೂತಿದ್ನಲ್ಲ, ಆವತ್ತೇ ನೋಡ್ದೆ. ಅಕ್ಕಯ್ಯ ಅವನ್ನ ತಿರುಗ್ಸಿ ಕಣ್ಣು ಒರೆಸ್ಕತ್ತಾ ಇದ್ರು."

"ಮತ್ತೆ ನಾನು ಅಷ್ಟು ಅಂದಾಗ ಯಾಕೆ ಬಾಯಿ ಬಿಡಲಿಲ್ಲ?"

"ಏಳಿದ್ರೆ ನೀನು ಅವರ ಮ್ಯಾಲೆ ಎಗರ್ತಿದ್ದೆ. ಅವರ ತಮ್ಮ ಅಲ್ಲಿ ಬದುಕವ್ನೋ ಇಲ್ವೋ, ಇಲ್ಲಿ ಕವಡೆ ಲೆಕ್ಕಕ್ಕೆ ಜಗಳವಾ?" ಎಂದು ಕಾಲನ್ನು ನೀರಿನಿಂದ ಎತ್ತಿ ವಸ್ತ್ರದಲ್ಲಿ ಒರೆಸಿಕೊಂಡ. ಆಮೇಲೆ ನನ್ನ ಮುಖ ನೋಡಿ, "ಅದಿರ್ಲಿ. ಒಳೆ ದಾಟಲ್ಲಿ ನಿನ್ನೋರು ಇಬ್ರು ಎದ್ದು ನಿಂತಿದ್ರಲ್ಲ, ಅವರನ್ನ ತಿರುಗ್ಸಿದ್ದು ಯಾರಯ್ಯ? ಇದೊಂದು ಕೇಳಾನ ಅಂತ ಕಾಯ್ತಾ ಇವ್ನಿ" ಎಂದ.

ಅವನ ಕಣ್ಣಿನಲ್ಲಿ ನಗು ಇತ್ತು. ಹೌದು, ನಾನೇ ಎಂದಿದ್ದರೆ ಅಲ್ಲೇ ಬೆನ್ನಿಗೊಂದು ಗುದ್ದಿ ಮುಗಿಸುತ್ತಿದ್ದ. ಕ್ಷಮೆ ಕೇಳಲೆಂದೇ ಅಷ್ಟು ದೂರ ಹೋದವನು ನಾನು ಏನೆಂದೆ ಗೊತ್ತೆ?

"ಅದೂ ಅವಳೇ ಇರಬೇಕು ಕಣೋ" ಎಂದೆ.

"ಊಂ" ಎಂದ. ನಗು ಹಾಗೇ ಆರಿತು. ಊಟಕ್ಕೆ ಬಂದ, ಹೋಳಿಗೆ ಉಂಡ, ವೆಂಕಟುವಿನ ಜೊತೆ ಹರಟಿದ. ಆಮೇಲೆ ಬಹಳ ವರ್ಷ ನಮ್ಮಿಬ್ಬರಿಗೂ ಹೋಗಿಬರುವುದು ಇತ್ತು. ಆದರೆ ನಾನು ಪೆಟ್ಟಿಗೆ ತೆಗೆಯೋಣವೇ ಎಂದಾಗಲೆಲ್ಲ, "ಇನ್ನೊಂದ್ಸಲ ನೋಡಾನ ಬುಡು" ಎಂದೇ ಜಾರಿಕೊಂಡ. ಈಗ ಅವನಿಲ್ಲ.

ಇಷ್ಟು ಬರೆದು, ತಪ್ಪು ಒಪ್ಪಿಕೊಳ್ಳಲು ಉಳಿದಿರುವವಳು ಇವಳೊಬ್ಬಳೇ ಎಂದು ಸೀತೆಗೆ ಓದಿ ಹೇಳಿದೆ. ಗೊಂಬೆ ಕೂರಿಸುವ ಸಿದ್ಧತೆಯಲ್ಲಿದ್ದಳು. ಕೈ ನಿಲ್ಲಿಸದೆ ಕೇಳಿ, "ಆವತ್ತು ಹೋಳಿಗೆ ಬಡಿಸುವಾಗ ಅವರು ಕೇಳಿದ್ರು, ಹೊಳೆ ಹತ್ತಿರದವರನ್ನ ತಿರುಗಿಸಿದ್ದೂ ನೀವೇನಾ ಅಕ್ಕಯ್ಯ ಅಂತ. ಹೌದು ಅಂದೆ" ಎಂದಳು.

"ಯಾಕೆ?"

"ನೀವು ಏನು ಹೇಳಿರ್ತೀರಿ ಅಂತ ನನಗೆ ಗೊತ್ತಿಲ್ವಾ?"

"ಅವನು ನಂಬಿದನೆ?"

"ಇನ್ನೊಂದು ಹೋಳಿಗೆ ಹಾಕಿಸ್ಕೊಂಡ್ರು" ಎಂದಳು, ಅಷ್ಟೇ.

ಈ ವರ್ಷವೂ ಸಿಪಾಯಿಗಳನ್ನು ಗೊಂಬೆಗಳ ಕೆಳಗಿನ ಸಾಲಿನಲ್ಲಿ ನಿಲ್ಲಿಸಿದ್ದಾಳೆ. ನಿನ್ನೆ ಸಂಜೆ ಅವಳು ಹೂ ಬಿಡಿಸಲು ಹೋದಾಗ ನಾನು ಬೆನ್ನು ಬಗ್ಗಿಸಿ, ನನ್ನ ಆ ಇಬ್ಬರು ಬಂದೂಕಿನವರನ್ನು ಹುಡುಕಿ, ತಡವಾದರೂ ಸರಿಯೆಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಮನಸ್ಸು ಸ್ವಲ್ಪ ಹಗುರವಾಯಿತು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಇಬ್ಬರೂ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದಾರೆ. ದೇವರಾಣೆ, ಈ ಸಲ ನಾನಲ್ಲ.