ಲೇ ಪೆಟ್ಟಿಗೆ, ಓಡ್ಬೇಡ ಕಣ್ಲಾ

ಸತ್ತೋರು ಸುಮ್ಮನಿರ್ತಾರೆ ಅಂತ ಯಾರು ಹೇಳಿದ್ರೋ ಕಾಣೆ. ಬಟವಾಡಿಯಲ್ಲಿ ಒಂದು ಕ್ಲಿನಿಕ್ ಮೇಲೆ ನನ್ನ ರೆಕಾರ್ಡಿಂಗ್ ಸ್ಟುಡಿಯೋ. ತೀರಿಕೊಂಡವರ ಹಳೇ ಹಾಡು ತಂದುಕೊಡ್ತಾರೆ, ನಾನು ದನಿ ಮಾತ್ರ ಉಳಿಸಿಕೊಂಡು ಹೊಸ ಮ್ಯೂಸಿಕ್ ಹಾಕಿಕೊಡ್ತೀನಿ. ಕೆಳಗೆ ಡಾಕ್ಟರು ಇದ್ದೋರ ಬಾಯಿ ತೆಗೆಸ್ತಾರೆ, ಮೇಲೆ ನಾನು ಹೋದೋರ ಬಾಯಿ ತೆಗೆಸ್ತೀನಿ.

ಕುಕ್ಕರ್

ಮರಳೂರಿನ ಟೀಚರೊಬ್ರು ಅವರಮ್ಮ ಹೇಳಿದ್ದ ಸೋಬಾನೆ ಪದ ಮೊಬೈಲಲ್ಲಿ ತಂದ್ರು. ಅಡುಗೆಮನೆ ರೆಕಾರ್ಡಿಂಗು, ಉದ್ದಕ್ಕೂ ಕುಕ್ಕರ್ ವಿಷಲ್. ಒದ್ದಾಡಿ ಒಂದೊಂದೇ ವಿಷಲ್ ತೆಗೆದು, ಕೊಳಲು ಸೇರಿಸಿ ಕೇಳಿಸಿದೆ. ಟೀಚರ್ ಮುಖ ಚಿಕ್ಕದಾಯ್ತು.

"ವಿಷಲ್ ಎಲ್ಲಿ ಸಾರ್? ಅಮ್ಮ ಅದನ್ನ ಎಣಿಸ್ಕೊಂಡೇ ಪದ ಹೇಳೋರು. ಈಗ ಬೇಳೆ ಸೀದುಹೋಗುತ್ತಲ್ಲ!"

ಬೈಗುಳ

ಕುಣಿಗಲ್ಲಿನ ನಾಟಕದ ಮೇಷ್ಟ್ರದ್ದು ಇನ್ನೊಂದು ಥರ. ವರ್ಷದ ತಿಥಿಗೆ ಅವರ ರಂಗಗೀತೆ ಹೊಸದಾಗಿ ಕೇಳಿಸಬೇಕು ಅಂತ ಹೆಂಡತಿ, ಮಗ ಕ್ಯಾಸೆಟ್ ತಂದ್ರು. ಹಳೇ ಹಾರ್ಮೋನಿಯಂ ಪೆಟ್ಟಿಗೆ ದನಿ ಪೂರ್ತಿ ತೆಗೆದೆ. ಆದ್ರೆ ಹಾಡಿನ ಮಧ್ಯೆ ಮೇಷ್ಟ್ರು ಹಾರ್ಮೋನಿಯಂ ನುಡಿಸೋರಿಗೆ ಗದರಿಸ್ತಾರೆ: "ಲೇ ಪೆಟ್ಟಿಗೆ, ಓಡ್ಬೇಡ ಕಣ್ಲಾ. ನನ್ನ ಹಿಂದೆ ಬಾ."

"ಇದನ್ನ ಕಟ್ ಮಾಡಿ ಸಾರ್, ನಮ್ಮ ಆಫೀಸಿನೋರೆಲ್ಲ ಬರ್ತಾರೆ," ಅಂದ ಮಗ.

"ಪದ ಬೇಕಾದ್ರೆ ಕಟ್ ಮಾಡಿ, ಬೈಗುಳ ಮುಟ್ಟಬೇಡಿ," ಅಂದ್ರು ಆಯಮ್ಮ. "ಪದ ಊರೋರಿಗೆಲ್ಲ ಹೇಳೋರು. ಬೈತಿದ್ದದ್ದು ಬೇಕಾದೋರ್ಗೆ ಮಾತ್ರ. ಅದಿಲ್ದಿದ್ರೆ ನಂಗೆ ಅವರು ಬಂದಂಗೇ ಆಗಲ್ಲ."

"ಜನ ನಗ್ತಾರೆ ಕಣಮ್ಮ."

"ನಿಂಗೆ ಬೈದಿದ್ದೂ ಇದೇ ಕ್ಯಾಸೆಟ್ಟಲ್ಲಿದೆ, ಹಾಕಿಸ್ಲಾ?"

ಮಗ ನೀರು ಕೇಳಿ ಕುಡಿದ.

ಕೀಬೋರ್ಡು

ನಮ್ಮ ಕೀಬೋರ್ಡಿನವನು ಆರ್ಕೆಸ್ಟ್ರಾದಲ್ಲಿ ಪಳಗಿದ ಆಸಾಮಿ, ಅವನ ಕೈಗೆ ಬ್ರೇಕಿಲ್ಲ. ಹೆಡ್‌ಫೋನ್ ಹಾಕ್ಕೊಂಡು ಶುರು ಮಾಡಿದ. ಎರಡನೇ ಸಾಲಿಗೇ ಸ್ಪೀಡಾದ. ಸರಿಯಾಗಿ ಆಗಲೇ ಮೇಷ್ಟ್ರು, "ಓಡ್ಬೇಡ ಕಣ್ಲಾ!"

ಅವನು ಬೆಂಕಿ ಮುಟ್ಟಿದೋನಂಗೆ ಕೈ ಎತ್ತಿದ. "ಅಣ್ಣ, ನಂಗೇ ಅಂದಂಗಾಯ್ತು."

"ಓಡಿದ್ಯಾ?"

"ಓಡ್ದೆ."

ಮೊದಲಿಂದ ನಿಧಾನಕ್ಕೆ ನುಡಿಸಿದ. ಹೋಗುವಾಗ ಸ್ಪೀಕರಿಗೆ ಕೈಮುಗಿದ.

ಪೆಟ್ಟಿಗೆ

ತಿಥಿ ದಿನ ಕುಣಿಗಲ್ಲಿಗೆ ನಾನೂ ಹೋಗಿದ್ದೆ. ಮುಂದಿನ ಸಾಲಲ್ಲಿ ಸಿ.ಎಸ್. ಪುರದ ಮುದುಕರೊಬ್ರು ಮುಖ ಗಂಟಿಕ್ಕಿಕೊಂಡು ಕೂತಿದ್ರು. ಮೇಷ್ಟ್ರ ಜೊತೆ ಆಯುಷ್ಯವೆಲ್ಲ ಹಾರ್ಮೋನಿಯಂ ನುಡಿಸಿದೋರು ಅಂತೆ. ಆ ಬೈಗುಳ ತಿಂದಿದ್ದ ಪೆಟ್ಟಿಗೆ ಅವರೇ. ಅವರ ನುಡಿಸಾಣಿಕೆನೆಲ್ಲ ಅಳಿಸಿ ಹಾಕಿದ್ದು ನಾನೇ ಅಲ್ವಾ?

ಹಾಡು ಶುರುವಾಯ್ತು. ಅಜ್ಜ ಕಿವಿ ಕೊಟ್ಟು ಕೇಳಿದ್ರು. ತಮ್ಮ ಪೆಟ್ಟಿಗೆ ದನಿ ಎಲ್ಲೂ ಇಲ್ಲ ಅಂತ ಗೊತ್ತಾಗಿ ತಲೆ ಬಗ್ಗಿಸಿದ್ರು.

ಅಷ್ಟರಲ್ಲಿ ಮೇಷ್ಟ್ರು ಗದರಿಸಿದ್ರು. "ಲೇ ಪೆಟ್ಟಿಗೆ, ಓಡ್ಬೇಡ ಕಣ್ಲಾ!"

ಆಫೀಸಿನೋರು ಮುಖ ಮುಖ ನೋಡಿಕೊಂಡ್ರು. ಮಗ ನೆಲ ನೋಡಿದ. ಅಜ್ಜ ಮಾತ್ರ ದಡಕ್ಕನೆ ಎದ್ದು ನಿಂತು, ಸ್ಪೀಕರ್ ಕಡೆ ಕೈಮುಗಿದು ಹೇಳಿದ್ರು:

"ಮೇಷ್ಟ್ರೇ, ದೇವ್ರಾಣೆ, ಇವತ್ತು ಓಡಿದ್ದು ನಾನಲ್ಲ!"

ಪೆಂಡಾಲಿಗೆ ಪೆಂಡಾಲೇ ನಕ್ಕಿತು, ಮಗನೂ ನಕ್ಕ. ಆಯಮ್ಮ ನಗುತ್ತಲೇ ಸೆರಗಲ್ಲಿ ಕಣ್ಣೊರೆಸಿಕೊಂಡು ಅಜ್ಜನ ಕೈ ಹಿಡಿದು ಕೂರಿಸಿದ್ರು.

"ಬುಡಪ್ಪ. ಅವರು ಆವತ್ತೂ ನಂಬ್ತಿರ್ಲಿಲ್ಲ, ಇವತ್ತೂ ನಂಬಲ್ಲ."