ಕೋದಂಡಪ್ಪನ ಹೊಸ ಹಲ್ಲು

ಬಂಗಾರಪೇಟೆಯ ಗಣಿ ನೆನಪು ಸಂರಕ್ಷಣಾ ಮಂಡಳಿಯ ಕ್ಲೌಡಿಗೆ ಏರಿದ ಯಾವ ಫೋಟೋದ ಗುಣಮಟ್ಟವೂ ಇಂದಿನವರೆಗೆ ಎಳ್ಳಷ್ಟೂ ಕೆಟ್ಟಿಲ್ಲ. ಇದನ್ನು ಬೇರೆ ಯಾರೋ ಅಲ್ಲ, ಸ್ವತಃ ಮಂಡಳಿಯೇ ಪರಿಶೀಲಿಸಿ ದೃಢಪಡಿಸಿದೆ.

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನು ಮನೆಯ ಕನಕಮ್ಮನಿಗೆ ಈ ವಿಷಯ ತಿಳಿಯದೆ ಇದ್ದದ್ದೇ ತಾಪತ್ರಯವಾಯಿತು. ಆಕೆಯ ಗಂಡ ಕೋದಂಡಪ್ಪ ಗಣಿಯಲ್ಲಿ ದುಡಿದು ತೀರಿಕೊಂಡವನು. ಅವನದೆಂದು ಉಳಿದಿದ್ದದ್ದು ಒಂದೇ ಫೋಟೋ: ತಲೆಗೆ ದೀಪದ ಟೋಪಿ, ಮುಂದಿನ ಹಲ್ಲು ಉದುರಿದ ಬಾಯಿ, ಆ ಬಾಯಿ ತುಂಬ ನಗು. ಮಹಾಲಯ ಅಮಾವಾಸ್ಯೆ ಬಂದರೆ ಕನಕಮ್ಮ ಅದನ್ನು ಒರೆಸಿ, ಕುಂಕುಮವಿಟ್ಟು, ಮುಂದೆ ಎಡೆ ಇಡುತ್ತಿದ್ದಳು. ಹಲ್ಲಿಲ್ಲದವನೆಂದು ಬಾಡನ್ನು ಬೆಣ್ಣೆಯಂತೆ ಬೇಯಿಸುತ್ತಿದ್ದಳು. ನಿಪ್ಪಟ್ಟನ್ನಂತೂ ಎಡೆಯ ಹತ್ತಿರಕ್ಕೂ ತರುತ್ತಿರಲಿಲ್ಲ.

ಒಂದು ದಿನ ಆಟೋಗೆ ಮೈಕು ಕಟ್ಟಿಕೊಂಡು ಮಂಡಳಿ ಬಂತು. "ಗಣಿ ಕಾರ್ಮಿಕರ ಹಳೆಯ ಫೋಟೋಗಳನ್ನು ಮಂಡಳಿಗೆ ಒಪ್ಪಿಸತಕ್ಕದ್ದು. ಕ್ಲೌಡಿನಲ್ಲಿ ಮೂಲ ಗುಣಮಟ್ಟದಲ್ಲೇ ಶಾಶ್ವತವಾಗಿ ಕಾಪಾಡಲಾಗುವುದು. ಗೆದ್ದಲು, ಮಳೆ ಮತ್ತು ಮೊಮ್ಮಕ್ಕಳ ಭಯವಿಲ್ಲ." ಗೋಡೆಯ ಗೆದ್ದಲನ್ನು ದಿನಾ ನೋಡುತ್ತಿದ್ದ ಕನಕಮ್ಮ ಫೋಟೋ ಕೊಟ್ಟೇಬಿಟ್ಟಳು.

ಅಮಾವಾಸ್ಯೆ ಹತ್ತಿರ ಬಂದಾಗ ವಾಪಸು ಕೇಳಲು ಬಂಗಾರಪೇಟೆಗೆ ಹೋದಳು. ಮಂಡಳಿಯ ಕಾರ್ಯದರ್ಶಿ ಶ್ರೀಧರ್ ಆಕೆಯನ್ನು ಗೌರವದಿಂದ ಕೂರಿಸಿ, ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಟೋಪಿಯ ಕೆಳಗೆ ಒಂದಿಷ್ಟು ಕಂದು ಚೌಕಗಳಿದ್ದವು.

"ಇದ್ಯಾರು ಸಾ?"

"ನಿಮ್ಮ ಯಜಮಾನ್ರು."

"ಮಕ ಎಲ್ಲೋಯ್ತು?"

"ಎಲ್ಲೂ ಹೋಗಿಲ್ಲಮ್ಮ. ಜಾಗ ಉಳಿಸ್ಬೇಕಲ್ಲ, ಸ್ವಲ್ಪ ಕುಗ್ಗಿಸಿದೀವಿ. ಗುಣಮಟ್ಟ ಹಾಗೇ ಇದೆ."

ಜಾಗದ ಅಭಾವಕ್ಕೆ ಸಕಾರಣವಿತ್ತು. ಮೂಲ ಗುಣಮಟ್ಟಕ್ಕೆಂದು ಕೊಂಡ ಜಾಗವೆಲ್ಲ ಅಧ್ಯಕ್ಷರು ಶಾಲು ಹೊದಿಸಿಕೊಳ್ಳುವ ವಿಡಿಯೋಗಳಿಂದ ಭರ್ತಿಯಾಗಿತ್ತು. ಅವುಗಳಲ್ಲಿ ಶಾಲಿನ ಎಳೆ ಎಳೆಯೂ ಕಾಣುತ್ತಿತ್ತು.

"ನನ್ ಕಾಗ್ದದ್ ಪೋಟೋನೇ ಕೊಟ್ಬುಡಿ ಸಾ, ಒಂಟೋಗ್ತೀನಿ."

"ಅದನ್ನ ಪುಡಿ ಮಾಡಿಸಿಬಿಟ್ವಿ. ಎರಡೂ ಇದ್ರೆ ಜನ ಹೋಲಿಸಿ ನೋಡ್ತಾರೆ. ಹೋಲಿಸಿದ್ರೆ ಅನುಮಾನ ಬರುತ್ತೆ."

ಮಂಡಳಿಯ ನಿಯಮವೂ ಅದನ್ನೇ ಹೇಳುತ್ತದೆ: ಹೋಲಿಸಲು ಬೇರೆ ಪ್ರತಿ ಇಲ್ಲದ ಫೋಟೋವನ್ನು ಮೂಲ ಗುಣಮಟ್ಟದ್ದೆಂದೇ ಪರಿಗಣಿಸತಕ್ಕದ್ದು.

ಕನಕಮ್ಮ ಕುರ್ಚಿಯಿಂದಿಳಿದು ನೆಲದ ಮೇಲೆ ಕೂತು ಅತ್ತಳು. "ಅವ್ರ ಮಕ ನಂಗೇ ಮರ್ತೋಗ್ತಾ ಐತೆ ಸಾ. ಅದ್ನ ನೋಡೇ ಗ್ಯಾಪ್ಕ ಮಾಡ್ಕೊಂತಿದ್ದೆ."

ಆ ಸಂಕಟ ನೋಡಲಾರದೆ ಶ್ರೀಧರ್ ಒಂದು ಗುಂಡಿ ಒತ್ತಿದರು. ಚೌಕಗಳು ಕರಗಿದವು. ಕಂಪ್ಯೂಟರ್ ತಾನೇ ಊಹಿಸಿ ಒಂದು ಮುಖ ತುಂಬಿತು: ಗೋಧಿ ಬಣ್ಣ, ಚೂಪು ಮೂಗು, ಸಾಲಾಗಿ ಮೂವತ್ತೆರಡು ಹಲ್ಲು. ಅದನ್ನು ಪ್ರಿಂಟು ತೆಗೆದು, ಕಟ್ಟು ಹಾಕಿಸಿ ಕೈಗಿತ್ತು, "ಮೂಲಕ್ಕಿಂತ ಒಳ್ಳೇ ಗುಣಮಟ್ಟ" ಎಂದರು.

ಅಮಾವಾಸ್ಯೆಯ ಬೆಳಿಗ್ಗೆ ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಸುಮಲತ ಗೋಡೆ ನೋಡಿ ನಿಂತುಬಿಟ್ಟಳು. ಮಂಡಳಿ ಕೊಟ್ಟ ಅವಳ ಅಪ್ಪ ಸೆಲ್ವರಾಜನ ಫೋಟೋದಲ್ಲೂ ಇದೇ ಮುಖವಿತ್ತು. ಎದುರು ಮನೆಯಲ್ಲಿ ತೀರಿಹೋದ ಆರುಮುಗಂ ತಾತನ ಫೋಟೋದಲ್ಲೂ ಇದೇ ಮುಖ.

"ನಮ್ಮಪ್ಪ ಕಪ್ಪಗಿದ್ರು ಕನಕಮ್ಮಾ. ಇವ್ರ್ಯಾರೋ ಏನೋ. ಎಡೆ ಇಡದಾ, ಬ್ಯಾಡ್ವಾ?"

ಕನಕಮ್ಮ ಕರಿಬೇವು ಮುರಿದು ಅವಳ ಕೈಗಿಟ್ಟಳು. "ಮನೆ ತಂಕ ಬಂದೋರ್ನ ಉಪಾಸ ಕಳ್ಸಕ್ಕಾಯ್ತದಾ? ಇಡು."

ಹೀಗೆ ಲೈನಿನ ಮನೆಮನೆಯಲ್ಲೂ ಅದೇ ಮನುಷ್ಯನ ಹಣೆಗೆ ಕುಂಕುಮ ಬಿತ್ತು. ಯಾವ ಮನೆಯಿಂದಲೂ ದೂರು ಬಂದಿಲ್ಲವೆಂದು ಮಂಡಳಿ ಪ್ರಕಟಣೆ ಹೊರಡಿಸಿತು. ಅಧ್ಯಕ್ಷರು ಇನ್ನೊಂದು ಶಾಲು ಹೊದಿಸಿಕೊಂಡರು.

ಕನಕಮ್ಮ ಮುದ್ದೆ, ಬಾಡು ಬಡಿಸಿ ಆ ಹಲ್ಲುಗಳನ್ನೇ ನೋಡುತ್ತ ಕೂತಳು. ಆಮೇಲೆ ಒಳಗೆ ಹೋಗಿ, ಡಬ್ಬಿಯಿಂದ ನಿಪ್ಪಟ್ಟು ತಂದು ಎಲೆಯ ತುದಿಗಿಟ್ಟಳು.

"ನೀನು ಇದ್ನ ತಿನ್ನಪ್ಪ. ಅಲ್ಲೆಲ್ಲಾನಾ ನಮ್ಮನೆಯವ್ರು ಸಿಕ್ಕುದ್ರೆ ಯೋಳು, ಬಾಡು ಮೆತ್ತಗೇ ಬೇಯ್ಸಿವ್ನಿ ಅಂತ."

ಹಿರಿಯರ ಪಾಲೆಂದು ಸೂರಿನ ತಗಡಿನ ಮೇಲಿಟ್ಟ ಎಡೆಯನ್ನು ಕಾಗೆ ಬಂದು ಮುಟ್ಟಿತು. ಕಾಗೆಯಿಂದಲೂ ಆಕ್ಷೇಪಣೆ ಇಲ್ಲವೆಂದು ಮಂಡಳಿ ದಾಖಲಿಸಿಕೊಂಡಿತು.